ದಕ್ಷಿಣ ಧ್ರುವದ ಮೂರು ಗ್ರಂಥಗಳು

ಭೂಮಂಡಲದ ದಕ್ಷಿಣ ತುದಿಯನ್ನು ಮೊಟ್ಟಮೊದಲು ಮುಟ್ಟಿದವನು ನಾರ್ವೆ ದೇಶದ ರೋಆಲ್ ಅಮುಂಡ್‌ಸೆನ್ನನು. ಅದು ನಡೆದುದು ೧೯೧೧ನೆಯ ಇಸವಿಯ ಡಿಸೆಂಬರ್ ೧೪ರಂದು. ಅಲ್ಲಿಂದ ೩೪ ದಿನಗಳ ಮೇಲೆ, ೧೯೧೨ರ ಜನವರಿ ೧೭ರಂದು, ಇಂಗ್ಲೆಂಡಿನ ಕ್ಯಾಪ್ಟನ್ ರಾಬರ್ಟ್ ಸ್ಕಾಟನು ನಾಲ್ವರು ಸಂಗಡಿಗರೊಡನೆ ಅದೇ ಸ್ಥಳವನ್ನು ಸೇರಿ, ಅಲ್ಲಿ ನಾರ್ವೆಯವರು ಬಿಟ್ಟುಹೋಗಿದ್ದ ಗುಡಾರವನ್ನೂ ಬಾವುಟವನ್ನೂ ಕಂಡು, ಹಿಂದಿರುಗುವ ದಾರಿಯಲ್ಲಿ ಅವರೆಲ್ಲರೊಡನೆ ಮಡಿದನು. ಗೆದ್ದವನೊಬ್ಬ, ಜನರ ನಾಲಗೆಯ ಮೇಲೆ ನೆಲಸಿದವನು ಇನ್ನೊಬ್ಬ. ಈ ವೈಪರೀತ್ಯಕ್ಕೆ ಕಾರಣವನ್ನು ಹಿಮದಲ್ಲಿ ಹುಡುಕಿದರೆ ಸಿಕ್ಕಲಾರದು, ಪುಸ್ತಕಗಳಲ್ಲಿ ಹುಡುಕಬೇಕು. ಏಕೆಂದರೆ, ನೋಡಿದವರಿಲ್ಲದ ನಾಡಿನಲ್ಲಿ ನಡೆದ ಕಾರ್ಯಕ್ಕೆ, ನಡೆಸಿದವರು ಬರೆದಿಟ್ಟ ಮಾತೇ ಸಾಕ್ಷಿ. ಆ ಮಾತು ಎಷ್ಟು ಬಲ್ಲುದೋ ಅಷ್ಟೇ ಅವರ ಕೀರ್ತಿ.

ಈ ಯಾತ್ರೆಗಳಿಂದ ಹುಟ್ಟಿದ ಗ್ರಂಥಗಳು ಹಲವಿದ್ದರೂ ಮೂರು ಮುಖ್ಯವಾದುವು: ಅಮುಂಡ್‌ಸೆನ್ನನ 'ದಿ ಸೌತ್ ಪೋಲ್' (೧೯೧೨), ಸ್ಕಾಟನ ದಿನಚರಿಯನ್ನೊಳಗೊಂಡ 'ಸ್ಕಾಟ್ಸ್ ಲಾಸ್ಟ್ ಎಕ್ಸ್‌ಪೆಡಿಷನ್' (೧೯೧೩), ಸ್ಕಾಟನ ತಂಡದ ಕಿರಿಯರಲ್ಲಿ ಒಬ್ಬನಾಗಿದ್ದ ಆಪ್ಸ್ಲಿ ಚೆರಿ ಗ್ಯಾರಾರ್ಡನ 'ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್' (೧೯೨೨). ಮೊದಲನೆಯದು ಗೆದ್ದವನ ಮಾತು. ಎರಡನೆಯದು ಸತ್ತವನ ಮಾತು. ಮೂರನೆಯದು ಬದುಕಿ ಉಳಿದವನ ಮಾತು. ಮೂವರೂ ಒಂದೇ ಹಿಮವನ್ನು ಕಂಡವರು. ಆದರೂ ಮೂರು ಗ್ರಂಥಗಳ ಗುಣ ಬೇರೆ ಬೇರೆ. ಇವುಗಳನ್ನು ಜೊತೆಯಲ್ಲಿಟ್ಟು ಓದಿದವರಿಗೆ, ಸಾಹಸವನ್ನು ಕುರಿತ ಬರವಣಿಗೆಯಲ್ಲಿ ಪ್ರೀತಿಗೆ ಎಷ್ಟು ಸಲ್ಲಬೇಕು, ಸತ್ಯಕ್ಕೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆ ಏಳದೆ ಇರದು.

ಅಮುಂಡ್‌ಸೆನ್ನನ ಗ್ರಂಥದಲ್ಲಿ ಯಾತ್ರೆಗಿಂತ ಯಾತ್ರೆಯ ಸಿದ್ಧತೆಗೇ ಹೆಚ್ಚು ಮನ್ನಣೆ. ಚಳಿಗಾಲದ ಕತ್ತಲೆಯಲ್ಲಿ ಹಿಮದಡಿಯ ಕೋಣೆಗಳಲ್ಲಿ ಕುಳಿತು ಜಾರುಬಂಡಿಗಳನ್ನು ಕೆತ್ತಿ ಕೆತ್ತಿ ಹಗುರಮಾಡಿದುದು, ಕಾಲಿಗೆ ಸರಿಹೊಂದುವ ವರೆಗೆ ಬೂಟುಗಳನ್ನು ಬಿಚ್ಚಿ ಬಿಚ್ಚಿ ಹೊಲಿದುದು, ಮಂಜು ಮುಸುಕಿದರೂ ದಾರಿ ತಪ್ಪದಂತೆ ಆಹಾರದ ಉಗ್ರಾಣದ ಎರಡು ಪಕ್ಕಗಳಲ್ಲಿಯೂ ಸಾಲಾಗಿ ಬಾವುಟಗಳನ್ನು ನೆಟ್ಟುದು, ಇಂಥ ಸಂಗತಿಗಳನ್ನು ಅವನು ಒಬ್ಬ ಒಳ್ಳೆಯ ಬಡಗಿ ತನ್ನ ಕೆಲಸವನ್ನು ಹೇಳುವಂತೆ ಹೇಳುತ್ತಾನೆ. ಆ ವಿದ್ಯೆ ಅವನಿಗೆ ಎಲ್ಲಿಂದ ಬಂದಿತೆಂಬುದನ್ನೂ ಬಲ್ಲವರು ಬಲ್ಲರು. ೧೯೦೩ರಿಂದ ೧೯೦೬ರ ವರೆಗೆ ಯೋವಾ ಎಂಬ ಸಣ್ಣ ಹಡಗಿನಲ್ಲಿ ಅಮೆರಿಕದ ಉತ್ತರದ ಹಿಮಸಮುದ್ರವನ್ನು ದಾಟಿದಾಗ, ಅವನು ಅಲ್ಲಿನ ನೆಟ್ಸಿಲಿಕ್ ಜನರ ನಡುವೆ ಬಾಳಿ, ತುಪ್ಪಳದ ಉಡುಪನ್ನು ತೊಡುವ ಬಗೆಯನ್ನೂ ನಾಯಿಗಳನ್ನು ನಡೆಸುವ ಬಗೆಯನ್ನೂ ಕಲಿತುಕೊಂಡನು. ದಕ್ಷಿಣ ಧ್ರುವದ ಜಯದಲ್ಲಿ ಹೆಸರಿಲ್ಲದ ಆ ಗುರುಗಳ ಪಾಲು ದೊಡ್ಡದು.

ಆದರೆ ಕಾವ್ಯದೃಷ್ಟಿಯಿಂದ ನೋಡಿದರೆ ಈ ಗುಣವೇ ಗ್ರಂಥಕ್ಕೆ ತೊಡಕಾಯಿತು. ವೀರರಸಕ್ಕೆ ಉತ್ಸಾಹವು ಸ್ಥಾಯಿಯೆಂದು ಆಲಂಕಾರಿಕರು ಹೇಳುವರು. ಆದರೆ ಉತ್ಸಾಹವು ತೋರಬೇಕಾದರೆ ಎದುರಿಗೆ ವಿಘ್ನವಿರಬೇಕು. ಮುಂದಾಲೋಚನೆಯಿಂದ ವಿಘ್ನಗಳನ್ನೆಲ್ಲ ಮೊದಲೇ ನಿವಾರಿಸಿಕೊಂಡವನ ಕಥೆ ವಾಚಕನನ್ನು ಮೆಚ್ಚಿಸುವುದು, ಕಲಕುವುದಿಲ್ಲ. ಐವರು, ನಾಲ್ಕು ಜಾರುಬಂಡಿ, ೫೨ ನಾಯಿ. ೯೯ ದಿನಗಳಲ್ಲಿ ಹೋಗಿಬಂದರು. ಹಿಂದಿರುಗಿದ ನಾಯಿಗಳು ೧೧. ಲೆಕ್ಕ ಸರಿಯಾಗಿದೆ. ಲೆಕ್ಕದ ಹಿಂದಿನ ನೋವು ಕಾಣಿಸುವುದು ಒಂದು ಕಡೆ ಮಾತ್ರ. ಹಿಮನದಿಯನ್ನು ಏರಿ ಮೇಲಕ್ಕೆ ಬಂದ ಸಂಜೆ ೨೪ ನಾಯಿಗಳನ್ನು ಕೊಲ್ಲಬೇಕಾಯಿತು. ಆ ತಂಗುದಾಣಕ್ಕೆ ಅವರು ಇಟ್ಟ ಹೆಸರು 'ಕಟುಕನ ಅಂಗಡಿ'. ಗುಂಡಿನ ಸದ್ದು ಕಿವಿಗೆ ಬೀಳದಿರಲೆಂದು ತಾನು ಗುಡಾರದೊಳಗೆ ಕುಳಿತು ಸೀಮೆಎಣ್ಣೆಯ ಒಲೆಗೆ ಜೋರಾಗಿ ಗಾಳಿ ಹೊಡೆಯುತ್ತಿದ್ದೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ಇಡೀ ಗ್ರಂಥದಲ್ಲಿ ಮನುಷ್ಯಹೃದಯವು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಮಿಡಿದಿಲ್ಲ.

ಇನ್ನು ಗ್ರಂಥವು ಮರೆಮಾಚಿದ ಸಂಗತಿಯೊಂದುಂಟು. ೧೯೧೧ರ ಸೆಪ್ಟೆಂಬರ್ ೮ರಂದು, ಇನ್ನೂ ಚಳಿ ಇಳಿಯುವ ಮೊದಲೇ ಅಮುಂಡ್‌ಸೆನ್ನನು ಅವಸರದಿಂದ ಹೊರಟು, ಶೀತವನ್ನು ತಡೆಯಲಾರದೆ ಹಿಂದಿರುಗಿದನು. ಬರುವಾಗ ಹಿಂದೆ ಬಿದ್ದವರನ್ನು ಕಾಯದೆ ಮುಂದಕ್ಕೆ ನಡೆದನು. ಹಾಗೆ ಹಿಂದುಳಿದ ಕಿರಿಯನೊಬ್ಬನನ್ನು ಕಾಪಾಡಿ ಕರೆತಂದ ಯಾಲ್ಮರ್ ಯೊಹಾನ್‌ಸೆನ್ನನು ಎಲ್ಲರೆದುರಿಗೆ ನಾಯಕನ ತಪ್ಪನ್ನು ಆಡಿ ತೋರಿಸಿದನು. ಫಲವಾಗಿ ಅವನನ್ನು ಧ್ರುವಕ್ಕೆ ಹೋಗುವ ತಂಡದಿಂದ ಹೊರಗಿಡಲಾಯಿತು. ೧೯೧೩ರ ಜನವರಿಯಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಗ್ರಂಥದಲ್ಲಿ ಈ ಜಗಳದ ಸುಳಿವಿಲ್ಲ. ತಂಡವನ್ನು ಎರಡಾಗಿ ಒಡೆದುದಕ್ಕೆ ಬೇರೆ ಸೌಕರ್ಯದ ಕಾರಣಗಳನ್ನು ಹೇಳಲಾಗಿದೆ. ಗೆದ್ದವನಿಗೆ ತನ್ನ ತಪ್ಪನ್ನು ಹೇಳಿಕೊಳ್ಳುವ ಒತ್ತಾಯ ಎಲ್ಲಿಂದ ಬರಬೇಕು? ಸರಳವಾಗಿ ಮಾತನಾಡುವವನೆಲ್ಲ ಸಂಪೂರ್ಣವಾಗಿ ಮಾತನಾಡುವನೆಂದು ನಂಬಲಾಗದೆಂಬುದಕ್ಕೆ ಈ ಗ್ರಂಥವು ಒಳ್ಳೆಯ ನಿದರ್ಶನ. ಅವನ ಪಕ್ಷವಾಗಿ ಒಂದು ಮಾತನ್ನು ಮಾತ್ರ ನೆನೆಯಬೇಕು: ಈ ಗ್ರಂಥವು ಅಚ್ಚಾದಾಗ ಸ್ಕಾಟನು ಸತ್ತ ಸುದ್ದಿ ಲೋಕಕ್ಕೆ ತಿಳಿದಿರಲಿಲ್ಲ. ಗೆಲುವಿನ ಸಮಾಧಾನದಲ್ಲಿ ಬರೆದ ಪುಟಗಳನ್ನು ಜನರು ಓದುವ ವೇಳೆಗೆ ಅವುಗಳ ಮೇಲೆ ಸಾವಿನ ನೆರಳು ಕವಿಯಿತು.

ಆ ಸುದ್ದಿ ಬಂದುದು ೧೯೧೩ರ ಫೆಬ್ರವರಿ ೧೦ರಂದು. ಅದೇ ವರ್ಷ ಸ್ಕಾಟನ ದಿನಚರಿಯು ಎರಡು ಸಂಪುಟಗಳಲ್ಲಿ ಹೊರಬಂದಿತು. ಎಡ್ಗರ್ ಎವನ್ಸನು ಫೆಬ್ರವರಿ ೧೭ರಂದು ಸತ್ತುದು; ಹೆಪ್ಪುಗಟ್ಟಿದ ಕಾಲುಗಳಿಂದ ಸಂಗಡಿಗರಿಗೆ ಭಾರವಾಗಬಾರದೆಂದು ಓಟ್ಸನು ಮಾರ್ಚ್ ನಡುವೆ ಗುಡಾರದಿಂದ ಬಿರುಗಾಳಿಗೆ ಎದ್ದುಹೋದುದು; ಉಳಿದ ಮೂವರು, ಸ್ಕಾಟ್, ವಿಲ್ಸನ್, ಬೋವರ್ಸ್, ಆಹಾರದ ಉಗ್ರಾಣಕ್ಕೆ ೧೧ ನಾವಿಕ ಮೈಲಿ ದೂರದಲ್ಲಿ ಗಾಳಿಗೆ ಸಿಕ್ಕಿ ಕುಳಿತುದು; ಮಾರ್ಚ್ ೨೯ರಂದು ಬರೆವಣಿಗೆ ನಿಂತುದು: ಈ ಕಥೆ ಯಾರಿಗೆ ತಿಳಿಯದು? ಸ್ಕಾಟನಿಗೆ ಬರೆಯುವ ಕೈ ಇದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ದಿನಚರಿಯ ಶಕ್ತಿ ಅವನ ಶೈಲಿಯೊಂದರಿಂದಲೇ ಬಂದುದಲ್ಲ. ದಿನಚರಿಯನ್ನು ಬರೆಯುವವನಿಗೆ ನಾಳೆ ತಿಳಿಯದು. ಓದುವವನಿಗೆ ಎಲ್ಲವೂ ತಿಳಿದಿದೆ. ಆದುದರಿಂದ, ಡಬ್ಬಿಯಲ್ಲಿ ಎಣ್ಣೆ ಎಣಿಸಿದುದಕ್ಕಿಂತ ಕಡಮೆಯಾಗಿದೆ, ಇಂದು ಆರೇ ಮೈಲಿ ನಡೆದೆವು, ಎಂಬಂಥ ಬರಿಯ ವರದಿಯೂ ಓದುವವನ ಮನಸ್ಸಿನಲ್ಲಿ ಧ್ವನಿಗೊಡುತ್ತದೆ. ಬರೆದವನು ಬಯಸದೆಯೇ ವೀರವು ಕರುಣಕ್ಕೆ ತಿರುಗುತ್ತದೆ. ಮಹಾಕವಿಗಳು ಬಹಳ ಯತ್ನದಿಂದ ಸಾಧಿಸುವ ಈ ಪರಿಣಾಮವನ್ನು ಇಲ್ಲಿ ಕಾಲವೇ ಸಾಧಿಸಿಕೊಟ್ಟಿದೆ.

ಕಡೆಯ ಪುಟಗಳಿಗೆ ಬಂದರೆ ಬರವಣಿಗೆಯ ಜಾತಿಯೇ ಬೇರೆಯಾಗುವುದು. ಸಾವು ನಿಶ್ಚಯವಾದ ಮೇಲೆ ಸ್ಕಾಟನು ಮಿತ್ರರಿಗೂ ಸಂಗಡಿಗರ ಮನೆಯವರಿಗೂ ಕಾಗದಗಳನ್ನು ಬರೆದು, ದೇಶದ ಜನರಿಗೆಂದು ಒಂದು ನಿವೇದನೆಯನ್ನೂ ಬರೆದಿಟ್ಟನು. ಕಾಗದಗಳಲ್ಲಿ ಹೃದಯವಿದೆ. ನಿವೇದನೆಯಲ್ಲಿ ವಕೀಲಿಕೆಯಿದೆ. ಈ ದುರಂತಕ್ಕೆ ಏರ್ಪಾಟಿನ ಲೋಪವು ಕಾರಣವಲ್ಲ, ದುರದೃಷ್ಟವೇ ಕಾರಣ ಎಂಬುದು ಅದರ ವಾದ. ಆದರೆ ಈ ವಾದಕ್ಕೆ ಎದುರು ಸಾಕ್ಷಿಯನ್ನು ನುಡಿಯುವವನು ಬೇರೆ ಯಾರೂ ಅಲ್ಲ, ದಿನಚರಿಯನ್ನು ಬರೆದ ಸ್ಕಾಟನೇ. ನಾಲ್ವರಿಗೆಂದು ಕಟ್ಟಿದ ಬುತ್ತಿಯ ಮೇಲೆ ಕೊನೆಯ ಗಳಿಗೆಯಲ್ಲಿ ಐದನೆಯವನನ್ನು ಸೇರಿಸಿಕೊಂಡುದು, ಐವರ ಅಡಿಗೆಗೆ ಹೆಚ್ಚು ಹೊತ್ತು ಹಿಡಿಯುವುದನ್ನು ಮೊದಲು ಯೋಚಿಸಿರಲಿಲ್ಲವೆಂಬುದು, ತಟ್ಟುಗಳು ಬಳಲಿದುವೆಂದು ೧೯೧೧ರ ಫೆಬ್ರವರಿಯಲ್ಲಿ ಮುಖ್ಯ ಉಗ್ರಾಣವನ್ನು ಗೊತ್ತುಮಾಡಿದ್ದ ೮೦ ಅಂಶ ಅಕ್ಷಾಂಶಕ್ಕಿಂತ ಸುಮಾರು ೩೦ ನಾವಿಕ ಮೈಲಿ ಈಚೆಗೇ ನಿಲ್ಲಿಸಿದುದು, ಎಲ್ಲವನ್ನೂ ಅವನು ಅಂದಂದಿನ ದಿನಚರಿಯಲ್ಲಿ ಬರೆದಿದ್ದಾನೆ. ಆ ೩೦ ಮೈಲಿಯನ್ನೂ ಕಡೆಯ ಗುಡಾರದ ಆ ೧೧ ಮೈಲಿಯನ್ನೂ ಹೋಲಿಸಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಕಾಟನಿಗೆ ನಿಜವಾದ ಗೌರವವನ್ನು ಸಲ್ಲಿಸಬೇಕೆಂಬ ವಾಚಕನು ಅವನ ನಿವೇದನೆಗಿಂತ ಅವನ ದಿನಚರಿಯನ್ನೇ ಹೆಚ್ಚಾಗಿ ನಂಬತಕ್ಕದ್ದು.

ಅಂದಿನ ಜನರು ಹಾಗೆ ಮಾಡಲಿಲ್ಲ. ಪ್ರಕಟಿಸಿದವರೂ ಸಂಗಡಿಗರನ್ನು ಕುರಿತ ಕೆಲವು ಕಠಿಣವಾದ ಮಾತುಗಳನ್ನು ಬಿಟ್ಟು, ಗ್ರಂಥವನ್ನು ನುಣುಪುಮಾಡಿದರು. ಮರುವರ್ಷವೇ ಯುರೋಪಿನ ಮಹಾಯುದ್ಧವು ಆರಂಭವಾಯಿತು. ಸಾಯಲು ಹೊರಟ ತರುಣರಿಗೆ ಈ ದಿನಚರಿ ಒಂದು ಪಾರಾಯಣಗ್ರಂಥವೇ ಆಯಿತು. ಬಹುಕಾಲ ಪೂಜೆ ನಡೆದ ಮೇಲೆ ವಿಗ್ರಹಭಂಜನವೂ ನಡೆಯಿತು. ೧೯೭೯ರಲ್ಲಿ ರೋಲಂಡ್ ಹಂಟ್‌ಫರ್ಡನು ಇಬ್ಬರು ನಾಯಕರನ್ನೂ ಹೋಲಿಸಿ ದೊಡ್ಡದೊಂದು ಗ್ರಂಥವನ್ನು ಬರೆದು, ಸ್ಕಾಟನನ್ನು ಕೈಲಾಗದವನೆಂದೂ ಅಮುಂಡ್‌ಸೆನ್ನನನ್ನು ನಾಯಕರ ಮಾದರಿಯೆಂದೂ ಸಾಧಿಸಹೊರಟನು. ೨೦೦೧ರಲ್ಲಿ ವಾತಾವರಣಶಾಸ್ತ್ರಜ್ಞೆ ಸೂಸನ್ ಸಾಲಮನ್ನಳು ಹವೆಯ ದಾಖಲೆಗಳನ್ನು ಪರೀಕ್ಷಿಸಿ, ೧೯೧೨ರ ಮಾರ್ಚಿನ ಚಳಿ ಆ ಪ್ರದೇಶದ ವಾಡಿಕೆಯನ್ನು ಬಹಳ ಮೀರಿದ್ದಿತೆಂದು ತೋರಿಸಿದಳು. ಹಾಗಾದರೆ ದುರದೃಷ್ಟದ ಮಾತೂ ಪೂರ್ಣ ಸುಳ್ಳಾಗಿರಲಿಲ್ಲ. ಪೂಜಿಸಿದವರೂ ಒಡೆದವರೂ ಮಾಡಿದ ತಪ್ಪು ಒಂದೇ: ಒಬ್ಬ ಮನುಷ್ಯನ ದಿನಚರಿಯನ್ನು ಅವನ ಯೋಗ್ಯತಾಪತ್ರವೆಂದು ಭಾವಿಸಿ, ಅದರಲ್ಲಿ ಹುರುಳುಂಟೋ ಇಲ್ಲವೋ ಎಂದು ತೀರ್ಪು ಕೊಡಲು ಕುಳಿತುದು.

ಈ ತಪ್ಪನ್ನು ಮಾಡದೆ ಇದ್ದವನು ಚೆರಿ ಗ್ಯಾರಾರ್ಡ್. ಹಡಗು ಹೊರಟಾಗ ಅವನ ವಯಸ್ಸು ೨೪. ಕಣ್ಣಿನ ದೃಷ್ಟಿ ಮಂದ. ಪ್ರಾಣಿಶಾಸ್ತ್ರದ ಸಹಾಯಕನೆಂಬ ಹುದ್ದೆ. ಗ್ರಂಥದ ಹೆಸರಿಗೆ 'ಲೋಕದಲ್ಲೆಲ್ಲ ಅತ್ಯಂತ ಕೆಟ್ಟ ಪ್ರಯಾಣ' ಎಂದು ಅರ್ಥ. ಆ ಪ್ರಯಾಣ ಧ್ರುವಯಾತ್ರೆಯೆಂದು ಅನೇಕರು ತಿಳಿಯುವರು, ಅದು ಸರಿಯಲ್ಲ. ೧೯೧೧ರ ಜೂನ್ ೨೭ರಂದು, ದಕ್ಷಿಣದ ಚಳಿಗಾಲದ ನಡುವೆ, ಸೂರ್ಯನೇ ಕಾಣದ ಕತ್ತಲೆಯಲ್ಲಿ, ವಿಲ್ಸನ್, ಬೋವರ್ಸ್, ಚೆರಿ ಈ ಮೂವರು ಎಂಪರರ್ ಜಾತಿಯ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳನ್ನು ತರುವುದಕ್ಕಾಗಿ ಅರುವತ್ತು ಮೈಲಿಗೂ ಹೆಚ್ಚು ದೂರದ ಕ್ರೋಜಿಯರ್ ಭೂಶಿರಕ್ಕೆ ಹೊರಟರು. ಹಕ್ಕಿಗಳೂ ಹಲ್ಲಿಗಳೂ ಒಂದೇ ಮೂಲದಿಂದ ಬಂದುವೆಂಬುದಕ್ಕೆ ಆ ಮೊಟ್ಟೆಯೊಳಗಿನ ಪಿಂಡದಲ್ಲಿ ಸಾಕ್ಷ್ಯ ಸಿಕ್ಕೀತೆಂದು ವಿಲ್ಸನ್ನನ ಆಸೆ. ಶೈತ್ಯವು ಫ್ಯಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ ೭೭ ಅಂಶ ಕೆಳಕ್ಕೆ ಇಳಿಯಿತು. ಬೆವರು ಬಟ್ಟೆಯಲ್ಲಿಯೇ ಹೆಪ್ಪುಗಟ್ಟಿ, ಉಡುಪು ಹಲಗೆಯಂತಾಯಿತು; ಚೆರಿಯ ಹಲ್ಲುಗಳು ಚಳಿಗೆ ಒಡೆದುವು; ಬಿರುಗಾಳಿಗೆ ಗುಡಾರವು ಹಾರಿಹೋಗಿ, ಸಾವೇ ಗತಿಯೆಂದು ಮಲಗಿದ್ದವರಿಗೆ ದೈವವಶದಿಂದ ಮತ್ತೆ ಸಿಕ್ಕಿತು. ಐದು ವಾರಗಳ ಮೇಲೆ ಮೂರು ಮೊಟ್ಟೆಗಳೊಡನೆ ಮೂವರೂ ಹಿಂದಿರುಗಿದರು. ಈ ಪ್ರಕರಣಕ್ಕೆ ಸಮಾನವಾದುದು ಧ್ರುವಸಾಹಿತ್ಯದಲ್ಲಿಯೇ ಇಲ್ಲವೆಂದರೆ ಅತಿಶಯೋಕ್ತಿಯಾಗದು. ಅದರ ಸೊಗಸು ಕಷ್ಟಗಳ ಪಟ್ಟಿಯಲ್ಲಿಲ್ಲ. ಅಂಥ ಕಷ್ಟದಲ್ಲಿಯೂ ಮೂವರು ಒಬ್ಬರಿಗೊಬ್ಬರು ಒರಟು ಮಾತನ್ನಾಡದೆ, ದಯವಿಟ್ಟು ಎಂಬ ಮಾತನ್ನು ಮರೆಯದೆ ನಡೆದರೆಂಬುದರಲ್ಲಿದೆ.

ಮೊಟ್ಟೆಗಳ ಗತಿಯನ್ನು ಅವನು ನಗುತ್ತ ಹೇಳುತ್ತಾನೆ. ಆ ನಗೆಯೊಳಗೆ ಬೆಂಕಿಯಿದೆ. ೧೯೧೩ರಲ್ಲಿ ಲಂಡನಿನ ವಸ್ತುಸಂಗ್ರಹಾಲಯಕ್ಕೆ ಅವನ್ನು ಒಪ್ಪಿಸಲು ಹೋದವನಿಗೆ ಸಿಕ್ಕ ಮರ್ಯಾದೆ ಅಲ್ಪ. ರಸೀತಿಗಾಗಿ ಅವನು ಕಾದು ಕುಳಿತಿರಬೇಕಾಯಿತು. ಇದನ್ನು ಅವನು ಸಣ್ಣದೊಂದು ಪ್ರಹಸನದಂತೆ ಸಂಭಾಷಣೆಯ ರೂಪದಲ್ಲಿ ಬರೆದಿದ್ದಾನೆ. ಮೊಟ್ಟೆಗಳ ಕಡೆಯ ಪರೀಕ್ಷೆ ೧೯೩೪ರಲ್ಲಿ ಪ್ರಕಟವಾಯಿತು; ಆ ವೇಳೆಗೆ ವಿಲ್ಸನ್ನನು ನಂಬಿದ್ದ ಸಿದ್ಧಾಂತವೇ ಬಿದ್ದುಹೋಗಿದ್ದಿತು.

ಚಳಿಗಾಲದ ಆ ಪ್ರಯಾಣದಲ್ಲಿ ಜೊತೆಗಿದ್ದ ಇಬ್ಬರೂ ಸ್ಕಾಟನೊಡನೆ ಧ್ರುವಕ್ಕೆ ಹೋಗಿ ಮಡಿದರು. ಚೆರಿಗೆ ಇದಕ್ಕಿಂತ ಕಠಿಣವಾದ ಪಾಲು ಕಾದಿದ್ದಿತು. ೧೯೧೨ರ ಮಾರ್ಚ್ ೩ರ ರಾತ್ರಿ ಅವನು ರಷ್ಯದ ಹುಡುಗ ದಿಮಿತ್ರಿಯೊಡನೆ ನಾಯಿಬಂಡಿಗಳನ್ನು ನಡೆಸಿಕೊಂಡು 'ಒನ್ ಟನ್' ಎಂಬ ಮುಖ್ಯ ಉಗ್ರಾಣಕ್ಕೆ ಬಂದು, ಧ್ರುವದಿಂದ ಬರುವವರಿಗಾಗಿ ೧೦ರ ವರೆಗೆ ಕಾದನು. ಬಿರುಗಾಳಿ ಎದ್ದಿದ್ದಿತು, ನಾಯಿಗಳಿಗೆ ಉಗ್ರಾಣದಲ್ಲಿ ಆಹಾರವಿರಲಿಲ್ಲ, ನಾಯಿಗಳನ್ನು ಅಪಾಯಕ್ಕೊಡ್ಡಬಾರದೆಂದು ಅಪ್ಪಣೆಯಿದ್ದಿತು, ದಿಮಿತ್ರಿಗೆ ಕಾಯಿಲೆ, ಚೆರಿಗೆ ದಿಕ್ಕನ್ನು ಗುರುತಿಸಿ ನಡೆಯುವ ವಿದ್ಯೆ ತಿಳಿಯದು. ಅವನು ಹಿಂದಕ್ಕೆ ತಿರುಗಿದನು. ಆ ದಿನ ಸ್ಕಾಟನ ತಂಡವು ಸುಮಾರು ೬೦ ನಾವಿಕ ಮೈಲಿ ದಕ್ಷಿಣದಲ್ಲಿ ಇನ್ನೂ ಜೀವದಿಂದಿದ್ದಿತು. ಎಂಟು ತಿಂಗಳಾದ ಮೇಲೆ, ನವೆಂಬರ್ ೧೨ರಂದು, ಗುಡಾರವನ್ನು ಕಂಡುಹಿಡಿದವರಲ್ಲಿ ಅವನೂ ಒಬ್ಬನಾಗಿದ್ದನು.

ಗ್ರಂಥದ ಜೀವಾಳವಿರುವುದು ಇಲ್ಲಿ. ಯಾತ್ರೆಯ ಮೇಲ್ವಿಚಾರಣೆಯ ಸಮಿತಿಯವರು ಮೊದಲು ಅವನನ್ನು ಅಧಿಕೃತವಾದ ಚರಿತ್ರೆಯನ್ನು ಬರೆಯಲು ಕೇಳಿದ್ದರು. ಅಧಿಕಾರದ ಸಂಯಮಕ್ಕೂ ತನ್ನ ಪ್ರಾಮಾಣಿಕವಾದ ನಿವೇದನೆಗೂ ಹೊಂದಿಕೆಯಾಗದೆಂದು ಕಂಡು, ಅವರ ಹಂಗನ್ನು ಬಿಟ್ಟು, ನೆರೆಮನೆಯವನಾದ ಬರ್ನಾರ್ಡ್ ಷಾನ ಸಲಹೆಯನ್ನು ಪಡೆದು, ಅವನು ಸ್ವತಂತ್ರವಾಗಿ ಬರೆದನು. ಇತರರ ದಿನಚರಿಗಳನ್ನೂ ಕಾಗದಗಳನ್ನೂ ನಡುನಡುವೆ ಇಟ್ಟು, ತಾನು ಕಾಣದುದನ್ನು ಕಂಡವರಿಂದಲೇ ಹೇಳಿಸಿದನು. ಸ್ಕಾಟನ ಧೈರ್ಯವನ್ನೂ ಅವನ ಮುನಿಸನ್ನೂ, ಸುಲಭವಾಗಿ ಕಣ್ಣೀರು ತರುವ ಅವನ ಸ್ವಭಾವವನ್ನೂ ಒಂದೇ ಪುಟದಲ್ಲಿ ಹೇಳಿ, ಎರಡೂ ನಿಜವೆಂದು ವಾಚಕನು ಒಪ್ಪುವಂತೆ ಮಾಡಿದನು. ಆಹಾರ ಸಾಲದೆ ಹೋಯಿತೇ, ಎಣ್ಣೆ ಏಕೆ ಕಡಮೆಯಾಯಿತು, ಉಗ್ರಾಣದಿಂದ ತಾನು ಮುಂದಕ್ಕೆ ಹೋಗಿದ್ದರೆ ಏನಾಗುತ್ತಿದ್ದಿತು, ಎಂದು ಪ್ರಶ್ನೆಗಳನ್ನು ಹಾಕಿಕೊಂಡು, ತನ್ನನ್ನೂ ಕಟಕಟೆಯಲ್ಲಿ ನಿಲ್ಲಿಸಿದನು. ಅವನಿಗೆ ಪೂರ್ಣವಾದ ಉತ್ತರ ದೊರೆಯಲಿಲ್ಲ. ೧೯೫೯ರಲ್ಲಿ ಸಾಯುವ ವರೆಗೂ ಆ ಪ್ರಶ್ನೆ ಅವನನ್ನು ಬಿಡಲಿಲ್ಲ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಎರಡು ಸಂಪುಟಗಳ ಭಾರ ಅದಕ್ಕೆ ಹೆಚ್ಚು. ಸಮುದ್ರಯಾನದ ಭಾಗವು ನಿಧಾನ. ಕಡೆಯ ಪ್ರಕರಣಗಳಲ್ಲಿ ಆಹಾರದ ಲೆಕ್ಕಗಳು ಕಥೆಯ ಓಟವನ್ನು ತಡೆಯುತ್ತವೆ. ನಾಯಿಬಂಡಿಗಳು ಮಾರ್ಚಿನ ಮೊದಲಿಗೆ ಇನ್ನೂ ದಕ್ಷಿಣಕ್ಕೆ ಹೋಗಿ ಎದುರುಗೊಳ್ಳಬೇಕೆಂದು ಸ್ಕಾಟನು ಹಿಂದೆ ಕೊಟ್ಟಿದ್ದ ಅಪ್ಪಣೆಯನ್ನು ಈಚಿನ ಸಂಶೋಧಕರು ಎತ್ತಿ ತೋರಿಸಿದ್ದಾರೆ. ಅದಕ್ಕೆ ಈ ಗ್ರಂಥದಲ್ಲಿ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲ. ಆದರೆ ಅಮುಂಡ್‌ಸೆನ್ನನ ಮೌನಕ್ಕೂ ಈ ಕೊರತೆಗೂ ವ್ಯತ್ಯಾಸವುಂಟು. ಅಲ್ಲಿ ಪ್ರಶ್ನೆಯೇ ಏಳದಂತೆ ಬಾಗಿಲು ಮುಚ್ಚಿದೆ. ಇಲ್ಲಿ ಬಾಗಿಲು ತೆರೆದಿದೆ, ಒಳಗೆ ಹೋಗಲು ಬರೆದವನ ಕಾಲು ತಡೆದಿದೆ. ಆ ತಡೆಯನ್ನೂ ವಾಚಕನು ಕಾಣಬಲ್ಲನು.

ಈ ಯಾತ್ರೆಗಳಿಂದ ಲೋಕಕ್ಕೆ ಆದ ಲಾಭವೇನೆಂದು ಕೇಳುವವರುಂಟು. ಸತ್ತವರ ಜಾರುಬಂಡಿಯಲ್ಲಿ ಸುಮಾರು ೩೫ ಪೌಂಡು ತೂಕದ ಕಲ್ಲುಗಳಿದ್ದುವು. ನಡೆಯಲು ತ್ರಾಣವಿಲ್ಲದವರು ಕಲ್ಲನ್ನು ಎಳೆದು ತಂದುದು ಮರುಳುತನವೆಂದು ಹಳಿದವರು ಹಲವರು. ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪ್ರಾಚೀನ ಸಸ್ಯದ ಎಲೆಗಳ ಅಚ್ಚು ಇದ್ದಿತು. ೧೯೧೪ರಲ್ಲಿ ಸೀವರ್ಡ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ವರ್ಣಿಸಿದನು. ಅದೇ ಎಲೆ ರಾಣಿಗಂಜಿನ ಕಲ್ಲಿದ್ದಲ ಗಣಿಗಳ ಪದರಗಳಲ್ಲಿಯೂ ಸಿಕ್ಕುತ್ತದೆ. ಭರತಖಂಡವೂ ಹಿಮಖಂಡವೂ ಒಂದು ಕಾಲದಲ್ಲಿ ಒಂದೇ ನೆಲವಾಗಿದ್ದುವೆಂಬುದಕ್ಕೆ ಇದು ಬಲವಾದ ಆಧಾರವಾಯಿತು. ಆ ಪುರಾತನ ಭೂಖಂಡಕ್ಕೆ ಗೊಂಡರ ನಾಡಿನಿಂದ 'ಗೊಂಡವಾನ'ವೆಂಬ ಹೆಸರೂ ಬಂದಿದೆ. ಧ್ರುವದಲ್ಲಿ ನೆಟ್ಟ ಬಾವುಟಗಳು ಹಿಮದಲ್ಲಿ ಹೂತುಹೋದುವು; ಎಲೆಯ ಗುರುತು ಉಳಿಯಿತು. ಚೆರಿಯ ಗ್ರಂಥವು ತಿಳಿವಿಗಾಗಿ ಪಟ್ಟ ಈ ಪಾಡನ್ನೇ ಮುಂದಿಟ್ಟು, ಪಂದ್ಯವನ್ನು ಹಿಂದಿಡುತ್ತದೆ. ಇದು ಅದರ ವಿವೇಕ.

ದಕ್ಷಿಣ ಧ್ರುವದಲ್ಲಿ ಅಮೆರಿಕದವರು ೧೯೫೭ರಿಂದ ನಡೆಸಿಕೊಂಡು ಬಂದ ವಿಜ್ಞಾನದ ಠಾಣ್ಯಕ್ಕೆ ಅಮುಂಡ್‌ಸೆನ್, ಸ್ಕಾಟ್ ಇಬ್ಬರ ಹೆಸರುಗಳೂ ಸೇರಿವೆ. ಅದು ಉಚಿತವೇ. ಆದರೆ ಗ್ರಂಥಗಳ ತಾರತಮ್ಯವನ್ನು ಹೇಳಬೇಕಾದರೆ, ಆ ಠಾಣ್ಯದ ಹೆಸರಿನಲ್ಲಿ ಸೇರದ ಮೂರನೆಯವನ ಗ್ರಂಥವೇ ಮೇಲಾದುದು. ಮೊದಲು ಅಮುಂಡ್‌ಸೆನ್ನನನ್ನು, ಅನಂತರ ಸ್ಕಾಟನನ್ನು, ಕಡೆಗೆ ಚೆರಿಯನ್ನು ಓದುವ ಕ್ರಮ ಒಳ್ಳೆಯದು. ಹಿಂದಿನ ಎರಡರಲ್ಲಿ ಹೇಳದೆ ಉಳಿದುದು ಮೂರನೆಯದರಲ್ಲಿ ಕಿವಿಗೆ ಬೀಳುವುದು. ಅಗಲಿದ ಹಿರಿಯರ ಚರಿತ್ರೆಯನ್ನು ಬರೆಯುವವರು ಹೊಗಳದಿದ್ದರೆ ದ್ರೋಹವಾದೀತೆಂದು ಅಂಜುವುದುಂಟು. ವಿಲ್ಸನ್ನನನ್ನೂ ಬೋವರ್ಸನನ್ನೂ ಚೆರಿಗಿಂತ ಹೆಚ್ಚು ಪ್ರೀತಿಸಿದವರು ಆ ತಂಡದಲ್ಲಿ ಇರಲಾರರು. ಅವರನ್ನು ಕುರಿತು ಅವನಷ್ಟು ನಿಜವಾಗಿ ಬರೆದವರೂ ಇಲ್ಲ.